ಮುರಿದ ಕಾಲಿಗೆ ಪ್ಯಾಕೇಜ್ ಐತಿ, ಅವ್ವಗ ಏನೈತಿ?

ಮಗುವಿಗೆ ದೊಡ್ಡ ಪೆಟ್ಟಾದ ಸುದ್ದಿ ಊರಲ್ಲಿ ಹಬ್ಬಿದ ಕೂಡಲೇ ನಮ್ಮ ಕಡೆ ಕೇಳಿಬರುವ ಮೊದಲ ಪ್ರಶ್ನೆ ‘ಕೂಸು ಹ್ಯಾಂಗೈತಿ?’ ಎಂಬುದು. ಎರಡನೆಯದು ‘ಅವ್ವನ ಕಣ್ಣ ಎಲ್ಲಿದ್ದೂ?’ ಎಂಬುದು. ಮೊದಲನೆಯದಕ್ಕೆ ಉತ್ತರ ಹುಡುಕಲು ದವಾಖಾನೆ ಇದೆ, ಎಕ್ಸ್‌ರೇ ಇದೆ, ಡಾಕ್ಟರು ಇದ್ದಾರೆ. ಎರಡನೆಯದನ್ನು ಆ ಹೆಣ್ಣುಮಗಳು ಒಬ್ಬಳೇ ಹೊತ್ತು ತಿರುಗುತ್ತಾಳೆ. ವಾರ್ಡಿನಲ್ಲಿ ಅತ್ತೆ ಕೇಳುತ್ತಾಳೆ, ಹೇಳಿಕೆ ಬರೆದುಕೊಳ್ಳುವ ಪೊಲೀಸರು ಕೇಳುತ್ತಾರೆ, ಟಿ.ವಿ.ಯವರು ಮೈಕು ಹಿಡಿದು ಕೇಳುತ್ತಾರೆ. ರಾತ್ರಿ ಎರಡು ಗಂಟೆಗೆ ಎಚ್ಚರಾದಾಗ ತನಗೆ ತಾನೇ ಕೇಳಿಕೊಳ್ಳುತ್ತಾಳೆ.

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ತಾಲೂಕುಗಳಲ್ಲಿ ಮಕ್ಕಳಿಗೆ ಪೆಟ್ಟಾಗುವ ದಾರಿಗಳು ನಮಗೆಲ್ಲ ಗೊತ್ತಿರುವವೇ. ಕಬ್ಬಿನ ಹಂಗಾಮು ಶುರುವಾದರೆ ರಸ್ತೆ ತುಂಬ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು, ಅವುಗಳ ಹಿಂದೆ ಕಬ್ಬು ಜಗ್ಗಲು ಓಡುವ ಹುಡುಗರು. ಹಿತ್ತಲಲ್ಲಿ ಮೇವು ಕತ್ತರಿಸುವ ಯಂತ್ರ. ಗಾಣದಲ್ಲಿ ಕುದಿಯುವ ಕೊಪ್ಪರಿಗೆ. ಹೊಲದಲ್ಲಿ ಮೋಟಾರಿನ ಸ್ಟಾರ್ಟರ್ ಡಬ್ಬಿ, ಅದರಿಂದ ಹೊರಗೆ ಬಂದ ವೈರು. ಮನೆಯೊಳಗೆ ಬಚ್ಚಲ ನೀರಿನ ಹಂಡೆ. ಇವುಗಳಲ್ಲಿ ಯಾವುದೂ ‘ವಿಧಿ’ ಅಲ್ಲ, ಎಲ್ಲವನ್ನೂ ತಡೆಯಬಹುದು, ಅದರ ಬಗ್ಗೆ ಬೇರೆ ಬರೆಯಬೇಕು. ಇಲ್ಲಿ ನಮ್ಮ ಜಗಳ ಬೇರೆ. ಪೆಟ್ಟಾದ ಮೇಲೆ ಆ ಮನೆಯಲ್ಲಿ ಉಳಿದವರಿಗೆ ಸರ್ಕಾರ ಏನು ಇಟ್ಟಿದೆ? ನಮ್ಮ ಲೆಕ್ಕದಲ್ಲಿ, ಏನೂ ಇಟ್ಟಿಲ್ಲ. ಇಡಲು ಬೇಕಾದದ್ದೆಲ್ಲ ಅದರ ಕೈಯಲ್ಲೇ ಇರುವುದರಿಂದ ಇದು ಬಡತನದ ಮಾತಲ್ಲ, ಅಸಡ್ಡೆಯ ಮಾತು.

ಮೊದಲು ಇರುವುದನ್ನು ಒಪ್ಪಿಕೊಳ್ಳೋಣ. 108ಕ್ಕೆ ಫೋನು ಮಾಡಿದರೆ ಗಾಡಿ ಬರುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಮುರಿದ ಎಲುಬಿಗೆ, ಸುಟ್ಟ ಚರ್ಮಕ್ಕೆ ಇಂತಿಷ್ಟು ಎಂದು ಪ್ಯಾಕೇಜ್ ಇದೆ. ರಸ್ತೆ ಅಪಘಾತವಾದರೆ ‘ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ’ ಇದೆ. 2016ರ ಫೆಬ್ರುವರಿಯಲ್ಲಿ ಬೆಂಗಳೂರಿನ ಸಮೀಪ ಲಾರಿಗೆ ಸಿಕ್ಕು ದೇಹ ಎರಡು ತುಂಡಾಗಿ ಬಿದ್ದಾಗಲೂ ತನ್ನ ಅಂಗಾಂಗ ದಾನ ಮಾಡಿ ಎಂದ ಯುವಕನ ಹೆಸರಿನ ಯೋಜನೆ ಅದು. ಮೊದಲ 48 ಗಂಟೆ, 25,000 ರೂಪಾಯಿವರೆಗೆ ಚಿಕಿತ್ಸೆ. ಒಳ್ಳೆಯ ಯೋಜನೆ, ಜೀವ ಉಳಿಸುವಂಥದ್ದು. ಆದರೆ ಹೆಸರು ನೋಡಿ: ಸಾಂತ್ವನ. ಸಂತೈಸುವುದು ಎಂಬ ಅರ್ಥದ ಪದವನ್ನೇ ಹಣೆಗೆ ಹಚ್ಚಿಕೊಂಡ ಯೋಜನೆಯಲ್ಲಿ ಸಂತೈಸಲು ಒಬ್ಬ ಮನುಷ್ಯನೂ ಇಲ್ಲ. ಬಿಲ್ಲು ಕಟ್ಟುವುದಷ್ಟೇ ಸಾಂತ್ವನ ಅಂತ ವಿಧಾನಸೌಧದಲ್ಲಿ ಯಾರೋ ನಂಬಿದ್ದಾರೆ.

49ನೆಯ ಗಂಟೆಗೆ ಏನಾಗುತ್ತದೆ? ಮಗು ಐಸಿಯುದಲ್ಲಿ, ಅಪ್ಪ ಮೆಡಿಕಲ್ ಶಾಪಿನ ಮುಂದೆ, ಅವ್ವ ಕಾರಿಡಾರಿನ ಗೋಡೆಗೆ ಆತುಕೊಂಡು. ಮನೆಯಲ್ಲಿ ಉಳಿದ ಎರಡನೆಯ ಮಗು ಆಯಿಯ ಹತ್ತಿರ. ಈ ಎರಡನೆಯ ಮಗುವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಕ್ಕನ ಕೈ ಯಂತ್ರಕ್ಕೆ ಸಿಕ್ಕಿದ್ದನ್ನು ಕಣ್ಣಾರೆ ಕಂಡ ತಮ್ಮ ಆಮೇಲೆ ಮೂರು ತಿಂಗಳು ಹಾಸಿಗೆ ಒದ್ದೆ ಮಾಡಿಕೊಂಡರೆ ಅವನಿಗೆ ಏಟು ಬೀಳುತ್ತದೆ, ಇಲ್ಲವೇ ತಾಯತ ಬೀಳುತ್ತದೆ.

ಇದು ಭಾವುಕರ ಮಾತು ಅನ್ನುವವರಿಗಾಗಿ ವೈದ್ಯರು ಬಹಳ ಹಿಂದೆಯೇ ಒಪ್ಪಿಕೊಂಡ ಒಂದೆರಡು ಸಂಗತಿ. ಮಗುವಿಗೆ ಗಂಭೀರ ಗಾಯವಾದಾಗ ಮೊದಲ ದಿನಗಳಲ್ಲಿ ತಂದೆತಾಯಿಗೆ ನಿದ್ದೆ ಬಾರದಿರುವುದು, ಆ ಕ್ಷಣ ಕಣ್ಣ ಮುಂದೆ ಮತ್ತೆ ಮತ್ತೆ ಬರುವುದು, ಸಣ್ಣ ಸಪ್ಪಳಕ್ಕೂ ಬೆಚ್ಚುವುದು, ಘಟನೆ ನಡೆದ ಜಾಗದ ಕಡೆ ಕಾಲಿಡಲಾಗದಿರುವುದು ಸಹಜ. ಅದು ರೋಗವಲ್ಲ. ಬಹಳ ಮಂದಿ ಕೆಲವು ವಾರಗಳಲ್ಲಿ, ತಿಂಗಳುಗಳಲ್ಲಿ ತಾವಾಗಿಯೇ ಸುಧಾರಿಸಿಕೊಳ್ಳುತ್ತಾರೆ. ಕೆಲವರು ಸುಧಾರಿಸಿಕೊಳ್ಳುವುದಿಲ್ಲ, ಒಳಗೊಳಗೇ ಕುಸಿಯುತ್ತಾರೆ. ಯಾರು ಈ ಕಡೆ, ಯಾರು ಆ ಕಡೆ ಎಂಬುದು ಮೊದಲ ದಿನ ಮುಖ ನೋಡಿದರೆ ತಿಳಿಯುವುದಿಲ್ಲ. ಮತ್ತೆ ಹೋಗಿ ನೋಡಿದರೆ ಮಾತ್ರ ತಿಳಿಯುತ್ತದೆ. ಇನ್ನೊಂದು, ಮಗುವಿನ ಮನಸ್ಸು ಚೇತರಿಸಿಕೊಳ್ಳುವುದಕ್ಕೂ ತಂದೆತಾಯಿಯ ಮನಸ್ಸು ಚೇತರಿಸಿಕೊಳ್ಳುವುದಕ್ಕೂ ನೇರ ಸಂಬಂಧವಿದೆ. ಡ್ರೆಸ್ಸಿಂಗ್ ಬಿಚ್ಚುವಾಗ ಅವ್ವ ನಡುಗಿದರೆ ಕೂಸಿನ ನೋವು ಎರಡು ಪಟ್ಟು. ಅವ್ವ ‘ನನ್ನಿಂದಲೇ ಆತು’ ಅಂತ ಕೊರಗುತ್ತ ಕೂತರೆ ಫಿಸಿಯೋಥೆರಪಿಯ ವ್ಯಾಯಾಮ ಮಾಡಿಸುವವರು ಯಾರು? ಅಂದರೆ ಅವ್ವನನ್ನು ಸಂತೈಸುವುದು ಔದಾರ್ಯವಲ್ಲ, ಮಗುವಿನ ಚಿಕಿತ್ಸೆಯ ಅರ್ಧ ಭಾಗ. ಆ ಅರ್ಧಕ್ಕೆ ಪ್ಯಾಕೇಜ್ ಇಲ್ಲ.

ಅಪ್ಪಂದಿರ ವಿಷಯ ಇನ್ನೂ ಕಷ್ಟ. ‘ಗಂಡಸಾಗಿ ಅಳತೀಯೇನೋ’ ಎಂಬ ಒಂದೇ ಮಾತಿಗೆ ಬಾಯಿ ಮುಚ್ಚಿಕೊಂಡು, ಸಾಲ ತರಲು ಹೋದವರು ಸಂಜೆ ಬೇರೆ ದಾರಿಯಿಂದ ಮನೆಗೆ ಬರುತ್ತಾರೆ. ಯಾವ ದಾರಿ ಅಂತ ಬಿಡಿಸಿ ಹೇಳಬೇಕಿಲ್ಲ, ಆ ಅಂಗಡಿ ಎಲ್ಲ ಊರಲ್ಲೂ ಇದೆ.

ಈಗ ದೊಡ್ಡ ಘಟನೆಯೊಂದನ್ನು ನೆನಪು ಮಾಡಿಕೊಳ್ಳೋಣ. 2017ರ ಏಪ್ರಿಲ್ 22ರ ಸಂಜೆ ನಮ್ಮದೇ ಜಿಲ್ಲೆಯ ಅಥಣಿ ತಾಲೂಕಿನ ಝುಂಜರವಾಡದಲ್ಲಿ ಆರು ವರ್ಷದ ಬಾಲಕಿ ತೆರೆದ ಕೊಳವೆಬಾವಿಗೆ ಬಿದ್ದಳು. ಜೆಸಿಬಿಗಳು ಬಂದವು, ಎನ್‌ಡಿಆರ್‌ಎಫ್ ಬಂತು, ಮಂತ್ರಿಗಳು ಬಂದರು, ನಾಡಿನ ಎಲ್ಲ ಚಾನೆಲ್‌ಗಳ ಗಾಡಿಗಳು ಬಂದವು. ಎರಡು ದಿನಕ್ಕೂ ಮಿಕ್ಕಿ ಕಾರ್ಯಾಚರಣೆ ನಡೆದರೂ ಮಗು ಉಳಿಯಲಿಲ್ಲ. ಅಷ್ಟೂ ಹೊತ್ತು ಕ್ಯಾಮೆರಾ ಎರಡೇ ಕಡೆ ತಿರುಗುತ್ತಿತ್ತು: ಕೊಳವೆಬಾವಿಯ ಬಾಯಿ, ತಾಯಿಯ ಬಾಯಿ. ಏಳು ವರ್ಷದ ಮೇಲೆ, 2024ರ ಏಪ್ರಿಲ್ 3ರಂದು ವಿಜಯಪುರ ಜಿಲ್ಲೆ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಎರಡು ವರ್ಷವೂ ತುಂಬದ ಗಂಡುಮಗು ಹಾಗೆಯೇ ಬಿತ್ತು. ಸುಮಾರು 20 ಗಂಟೆಯ ಮೇಲೆ ಜೀವಂತವಾಗಿ ಹೊರಗೆ ತಂದರು. ಊರೇ ಹಬ್ಬ ಮಾಡಿತು, ನಾವೂ ಕಣ್ಣೊರೆಸಿಕೊಂಡೆವು. ಕ್ಯಾಮೆರಾಗಳು ಮರುದಿನ ಬೇರೆ ಕಡೆ ಹೋದವು. ಬದುಕಿ ಬಂದ ಮಗುವಿನ ತಾಯಿ ಆ 20 ಗಂಟೆಯನ್ನು ತಲೆಯಿಂದ ಹೊರಗೆ ಹಾಕುವುದು ಹೇಗೆ ಎಂದು ಹೇಳಿಕೊಡುವ ‘ಕಾರ್ಯಾಚರಣೆ’ಗೆ ಯಾವ ಪಡೆಯೂ ಇಲ್ಲ. ತೆರೆದ ಕೊಳವೆಬಾವಿ ಮುಚ್ಚುವುದರ ಬಗ್ಗೆ ಸುಪ್ರೀಂ ಕೋರ್ಟು 2010ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಅದನ್ನೇ ಪಾಲಿಸದವರು ತಾಯಿಯ ನಿದ್ದೆಯ ಬಗ್ಗೆ ಯೋಚಿಸುತ್ತಾರೆಯೇ ಎಂದು ಯಾರಾದರೂ ಕೇಳಿದರೆ, ಹೌದು, ಅದೂ ಸರಿಯಾದ ಪ್ರಶ್ನೆಯೇ.

ನಮ್ಮ ವೃತ್ತಿಯ ಬಗ್ಗೆಯೂ ಒಂದು ಮಾತು ಇಲ್ಲಿಯೇ ಆಗಿಬಿಡಲಿ. ‘ತಾಯಿದು ಬೈಟ್ ಬೇಕು, ಅಳೋದಿರಬೇಕು’ ಎಂದು ಡೆಸ್ಕಿನಿಂದ ಬರುವ ಫೋನು ಜಿಲ್ಲೆಯಲ್ಲಿ ಕೆಲಸ ಮಾಡುವ ಎಲ್ಲರಿಗೂ ಪರಿಚಿತ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ತಂದಿದೆ. ಅದರ ಸಾರ ಮೂರು ಕ್ರಿಯೆಗಳಲ್ಲಿದೆ: ನೋಡುವುದು, ಕೇಳಿಸಿಕೊಳ್ಳುವುದು, ಸಹಾಯದ ಜೊತೆ ಜೋಡಿಸುವುದು. ಆಗಷ್ಟೇ ಆಘಾತಕ್ಕೆ ಒಳಗಾದವರನ್ನು ‘ಏನಾಯಿತು ಹೇಳು, ಹೇಗಾಯಿತು ಹೇಳು’ ಎಂದು ಒತ್ತಾಯಿಸಿ ಬಾಯಿ ಬಿಡಿಸಬಾರದು, ಅದರಿಂದ ಒಳ್ಳೆಯದಾಗುವುದಿಲ್ಲ ಎಂಬುದು ಈಗ ಜಗತ್ತಿನ ಮನೋವೈದ್ಯರ ಸಾಮಾನ್ಯ ತಿಳಿವಳಿಕೆ. ಬೈಟ್ ಅನ್ನುವುದು ಬೇರೇನು? ಪತ್ರಿಕೋದ್ಯಮದ ಡಿಪ್ಲೊಮಾದಲ್ಲಿ ಶೀರ್ಷಿಕೆ ಬರೆಯುವುದನ್ನು ಒಂದು ಸೆಮಿಸ್ಟರ್ ಕಲಿಸುತ್ತಾರೆ, ಗಾಯಗೊಂಡ ಮಗುವಿನ ತಾಯಿಯ ಮುಂದೆ ಹೇಗೆ ನಿಲ್ಲಬೇಕು ಎಂಬುದನ್ನು ಒಂದು ತಾಸೂ ಕಲಿಸುವುದಿಲ್ಲ. ಕಲಿಸಬೇಕು.

ಸರ್ಕಾರಕ್ಕೆ ಗೊತ್ತಿಲ್ಲದ ವಿದ್ಯೆಯೇ ಇದು? ಅಲ್ಲ. ಕರ್ನಾಟಕದಲ್ಲೇ ಇದರ ಚರಿತ್ರೆ ಇದೆ, ಅದೇ ನಮ್ಮ ಸಿಟ್ಟಿಗೆ ಕಾರಣ. 1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಆ ಮನೆಗಳ ದುಃಖ ಯಾವ ರೂಪ ತಾಳಿತು ಎಂಬುದನ್ನು ನಿಮ್ಹಾನ್ಸ್‌ನವರು ಅಧ್ಯಯನ ಮಾಡಿ 1987ರಲ್ಲಿ ತಮ್ಮ ಪತ್ರಿಕೆಯಲ್ಲೇ ಪ್ರಕಟಿಸಿದರು. 1980ರ ದಶಕದಲ್ಲೇ ಇದೇ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನಸ್ಸಿನ ಕಾಯಿಲೆ ಗುರುತಿಸುವುದನ್ನು ಕಲಿಸಿ, ಹಳ್ಳಿಯಲ್ಲೇ ಚಿಕಿತ್ಸೆ ಸಾಧ್ಯ ಎಂದು ತೋರಿಸಿತು. ಆ ‘ಬಳ್ಳಾರಿ ಮಾದರಿ’ಯನ್ನೇ ಹಿಡಿದು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. 2001ರ ಗುಜರಾತ ಭೂಕಂಪ, 2004ರ ಸುನಾಮಿ ಆದಾಗ ಇಲ್ಲಿಂದಲೇ ಹೋಗಿ ಅಲ್ಲಿನ ಸ್ಥಳೀಯರಿಗೆ ಸಂತೈಸುವ ತರಬೇತಿ ಕೊಟ್ಟು ಬಂದರು. ದೇಶಕ್ಕೆಲ್ಲ ಪಾಠ ಹೇಳಿದ ರಾಜ್ಯದಲ್ಲಿ ಗೋಕಾಕದ ಒಬ್ಬ ತಾಯಿಗೆ ಅದೇ ಪಾಠ ತಲುಪಿಲ್ಲ. ಸಾವಿರ ಜನ ಒಟ್ಟಿಗೆ ಸತ್ತರೆ ದುರಂತ, ಒಂದು ಮನೆಯಲ್ಲಿ ಒಂದು ಮಗುವಿನ ಕೈ ಹೋದರೆ ‘ಸಂಕ್ಷಿಪ್ತ ಸುದ್ದಿ’.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬೆಳಗಾವಿಗೂ ಇದೆ. ಒಬ್ಬ ಮನೋವೈದ್ಯ, ಒಬ್ಬ ಮನಶ್ಶಾಸ್ತ್ರಜ್ಞ, ಒಬ್ಬ ಮನೋಸಾಮಾಜಿಕ ಕಾರ್ಯಕರ್ತ, ನರ್ಸ್, ಹೀಗೆ ಒಂದು ಜಿಲ್ಲೆಗೆ ಒಂದು ತಂಡ. 2011ರ ಜನಗಣತಿಯಂತೆ ಬೆಳಗಾವಿ ಜಿಲ್ಲೆಯ ಜನಸಂಖ್ಯೆ ಸುಮಾರು 48 ಲಕ್ಷ. ಬೀದರಿಗೂ ಕೊಡಗಿಗೂ ಬೆಳಗಾವಿಗೂ ಒಂದೇ ಅಳತೆಯ ಅಂಗಿ. ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ಮಂಗಳವಾರ ತಾಲೂಕು ದವಾಖಾನೆಗಳಲ್ಲಿ ಮನೋವೈದ್ಯರು ಸಿಗುವ ವ್ಯವಸ್ಥೆಯೂ ರಾಜ್ಯದಲ್ಲಿದೆ. ಆದರೆ ಸೋಮವಾರ ಎಲುಬಿನ ವಿಭಾಗಕ್ಕೆ ಬಂದ ಮಗುವಿನ ತಾಯಿಯನ್ನು ‘ನಾಳೆ ಅವರನ್ನೊಮ್ಮೆ ಕಾಣು ತಂಗಿ’ ಎಂದು ಹೇಳಬೇಕು ಎಂಬ ನಿಯಮ ಯಾವ ಚೀಟಿಯಲ್ಲೂ ಇಲ್ಲ. ಡಿಸ್ಚಾರ್ಜ್ ಕಾರ್ಡಿನಲ್ಲಿ ಮಾತ್ರೆ ಬರೆಯಲು ಜಾಗವಿದೆ, ಮರುಭೇಟಿಯ ತಾರೀಖು ಬರೆಯಲು ಜಾಗವಿದೆ. ಮನೆಯವರ ಬಗ್ಗೆ ಬರೆಯಲು ಒಂದು ಸಾಲು ಇಲ್ಲ. ಇನ್ನು ಗಡಿಯ ನಮ್ಮ ಜನ ಮೀರಜಕ್ಕೋ ಕೊಲ್ಲಾಪುರಕ್ಕೋ ಓಡಿದರೆ ಆ ಕಾರ್ಡೂ ಮರಾಠಿ ಸೀಮೆಯಲ್ಲೇ ಮುಗಿಯಿತು, ಇಲ್ಲಿನ ಆರೋಗ್ಯ ಇಲಾಖೆಗೆ ಆ ಮಗು ಇದೆ ಎಂಬುದೇ ಗೊತ್ತಾಗುವುದಿಲ್ಲ.

ಕಾನೂನುಗಳ ಕಡೆ ನೋಡಿದರೆ ಇನ್ನೂ ವಿಚಿತ್ರ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕುಟುಂಬಕ್ಕೆ ಬೆಂಬಲ ಕೊಡಬೇಕೆಂದು ಹೇಳುತ್ತದೆ, ಆದರೆ ಮಾನಸಿಕ ಅಸ್ವಸ್ಥತೆ ಇರುವ ವ್ಯಕ್ತಿಯ ಕುಟುಂಬಕ್ಕೆ. ಪೋಕ್ಸೊ ಕಾಯ್ದೆಯ 2020ರ ನಿಯಮಗಳಲ್ಲಿ ಸಂತ್ರಸ್ತ ಮಗುವಿಗೆ ಒಬ್ಬ ‘ಬೆಂಬಲ ವ್ಯಕ್ತಿ’ಯನ್ನು ಕೊಡುವ ಅವಕಾಶವಿದೆ. ಒಬ್ಬ ಮನುಷ್ಯ ಮೊದಲಿಂದ ಕೊನೆಯವರೆಗೆ ಆ ಮನೆಯ ಜೊತೆ ಇರಬೇಕು ಎಂಬ ವಿಚಾರ ನಮ್ಮ ಕಾನೂನಿಗೆ ಹೊಸದಲ್ಲ ಎಂದಾಯಿತು. ಶಾಲೆಗೆ ಬಂದು ಮಕ್ಕಳನ್ನು ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ನೋಡುವುದು ಹುಟ್ಟು ದೋಷ, ಕೊರತೆ, ಕಾಯಿಲೆ, ಬೆಳವಣಿಗೆಯ ವಿಳಂಬ ಈ ನಾಲ್ಕನ್ನು. ಪೆಟ್ಟು ಆ ನಾಲ್ಕರಲ್ಲಿ ಇಲ್ಲ.

ಕೋರ್ಟು ಮಾತ್ರ ಒಮ್ಮೆ ತಂದೆತಾಯಿಯ ಕಡೆ ಕಣ್ಣೆತ್ತಿ ನೋಡಿದೆ. 2013ರಲ್ಲಿ, ವಾಹನ ಅಪಘಾತದಲ್ಲಿ ಗಾಯಗೊಂಡ ಬಾಲಕನೊಬ್ಬನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಪರಿಹಾರಕ್ಕೆ ಒಂದು ಅಳತೆ ಹಾಕಿತು: ಅಂಗವೈಕಲ್ಯ ಶೇ. 10ಕ್ಕಿಂತ ಹೆಚ್ಚಾಗಿ ಶೇ. 30ರವರೆಗೆ ಇದ್ದರೆ ನೋವು, ಆಘಾತ, ಕಷ್ಟಗಳಿಗೆಲ್ಲ ಸೇರಿ 3 ಲಕ್ಷ, ಶೇ. 90 ಮೀರಿದರೆ 6 ಲಕ್ಷ, ಹೀಗೆ. ಅದೇ ತೀರ್ಪಿನಲ್ಲಿ ಮಗು ದವಾಖಾನೆಯಲ್ಲಿದ್ದಾಗ ತಂದೆತಾಯಿ ಪಟ್ಟ ತೊಂದರೆ ಮತ್ತು ಕಳೆದುಕೊಂಡ ಕೂಲಿಗೆ ಎಂದು ಪ್ರತ್ಯೇಕವಾಗಿ 25,000 ರೂಪಾಯಿ ಕೊಟ್ಟಿತು. 2020ರಲ್ಲಿ ಪೂರ್ಣ ಅಂಗವಿಕಲಳಾದ ಹರಿಯಾಣದ ಬಾಲಕಿಯೊಬ್ಬಳಿಗೆ, ಜೀವನವಿಡೀ ನೋಡಿಕೊಳ್ಳಲು ಇಬ್ಬರು ಬೇಕು ಎಂದು ಲೆಕ್ಕ ಹಾಕಿ ಅವರ ಪಗಾರವನ್ನೂ ಪರಿಹಾರಕ್ಕೆ ಸೇರಿಸಿತು. ಮಗುವಿನ ಆರೈಕೆ ಮಾಡುವುದು ಬೆಲೆಯುಳ್ಳ ದುಡಿಮೆ ಎಂದು ನ್ಯಾಯಾಲಯ ಒಪ್ಪಿತು, ಆ ಮಟ್ಟಿಗೆ ಸಮಾಧಾನ. ಆದರೆ ಇದೆಲ್ಲ ಮೋಟಾರು ವಾಹನಕ್ಕೆ, ಅದೂ ವಿಮೆ ಇದ್ದರೆ. ಮೇವಿನ ಯಂತ್ರಕ್ಕೆ, ಬಿಸಿನೀರಿನ ಹಂಡೆಗೆ ಯಾವ ನ್ಯಾಯಮಂಡಳಿ ಇದೆ? ಇದ್ದರೂ, ಕೇಸು ನಡೆಯುವಷ್ಟು ವರ್ಷ ಮಗುವಿನ ಕಾಲು ಎಷ್ಟು ಪರ್ಸೆಂಟ್ ಎಂಬ ಚರ್ಚೆಯನ್ನು ಅವ್ವ ಕಟಕಟೆಯ ಪಕ್ಕ ನಿಂತು ಕೇಳಬೇಕು. ಪರ್ಸೆಂಟ್ ಹೆಚ್ಚು ಬರಲಿ ಎಂದು ಬೇಡಿಕೊಳ್ಳುವ ಸ್ಥಿತಿಗೆ ತಂದೆಯೊಬ್ಬನನ್ನು ತಂದು ನಿಲ್ಲಿಸುವುದು ಎಂಥ ಹಿಂಸೆ ಎಂದು ವಕೀಲರಿಗೆ ಗೊತ್ತು, ಅವರು ಹೇಳುವುದಿಲ್ಲ.

ಈ ಮಾತು ಎತ್ತಿದಾಗಲೆಲ್ಲ ನಾವು ಕೇಳುವ ಆಕ್ಷೇಪಗಳಿವೆ. ಒಂದು, ‘ನಮ್ಮ ಹಿರ್ಯಾರಿಗೆ ಯಾವ ಕೌನ್ಸೆಲಿಂಗ್ ಇತ್ತರೀ? ಬಂಧು-ಬಳಗ ಐತಿ, ಮಠ ಐತಿ.’ ಐತಿ, ಖರೆ. ಪೆಟ್ಟಾದ ಮನೆಗೆ ರೊಟ್ಟಿ, ಮೊಸರು ಕಟ್ಟಿಕೊಂಡು ಬರುವ ಓಣಿಯ ಹೆಣ್ಣುಮಕ್ಕಳು ಯಾವ ಕೈಪಿಡಿ ಓದದೆಯೂ ಮೊದಲ ಚಿಕಿತ್ಸೆ ಮಾಡುತ್ತಾರೆ. ಅಂಕಲಗಿಯ ಅಡವಿಸಿದ್ಧೇಶ್ವರ ಮಠದಲ್ಲಿ ಒಂದು ತಾಸು ಕೂತು ಬಂದರೆ ಎದೆ ಹಗುರಾಗುತ್ತದೆ ಎನ್ನುವವರ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಕಣ್ಣು ಎಲ್ಲಿದ್ದವು ಎಂದು ಕೇಳುವುದೂ ಅದೇ ಬಳಗ. ‘ಹಿಂದಿನ ಜನ್ಮದ ಕರ್ಮ’ ಎನ್ನುವುದೂ ಅದೇ ಬಳಗ. ಮಗಳಾಗಿದ್ದರೆ, ‘ಇನ್ನ ಯಾರ ಮಾಡ್ಕೋತಾರ ಇಕಿನ್ನ’ ಎಂದು ಆರು ವರ್ಷದ ಕೂಸಿನ ಮುಂದೆಯೇ ಹೇಳುವುದೂ ಅದೇ ಬಳಗ. ಮತ್ತು ಎಲ್ಲರಿಗೂ ಬಳಗ ಇರುತ್ತದೆ ಎಂದು ಯಾರು ಹೇಳಿದರು? ಹಂಗಾಮಿಗೆ ಕಬ್ಬು ಕಡಿಯಲು ಬೇರೆ ಜಿಲ್ಲೆಯಿಂದ, ಮಹಾರಾಷ್ಟ್ರದಿಂದ ಬಂದು ಹೊಲದ ಬದುವಿನಲ್ಲಿ ಜೋಪಡಿ ಹಾಕಿಕೊಂಡವರ ಮಕ್ಕಳಿಗೆ ಪೆಟ್ಟಾದರೆ ಅವರ ಬಳಗ ಎಲ್ಲಿದೆ? ಮುಂಗಡ ತೆಗೆದುಕೊಂಡ ಅವ್ವ ಮಗುವಿನ ಹತ್ತಿರ ಕೂರುವುದಕ್ಕೂ ಮುಕಾದಮನ ಅಪ್ಪಣೆ ಬೇಕು.

ಎರಡನೆಯದು ಹೆದರಿಕೆ. ನಮ್ಮ ಕಡೆ ‘ಅಂವನ್ನ ಧಾರವಾಡಕ್ಕ ಕಳಸ್ರಿ’ ಅಂದರೆ ಏನರ್ಥ ಎಂದು ಎಲ್ಲರಿಗೂ ಗೊತ್ತು. ಅಲ್ಲಿನ ಡಿಮ್ಹಾನ್ಸ್ ಎಷ್ಟು ಒಳ್ಳೆಯ ಕೆಲಸ ಮಾಡಿದರೂ ಆ ಗಾದೆ ಅದನ್ನು ಬಿಟ್ಟಿಲ್ಲ. ಮನೋವೈದ್ಯರ ಹತ್ತಿರ ಹೋದ ಸೊಸೆಗೆ ಮನೆಯಲ್ಲಿ ಏನು ಹೆಸರು ಬರುತ್ತದೆ ಎಂಬ ಅಂಜಿಕೆ ಸುಳ್ಳಲ್ಲ. ಅದಕ್ಕೇ ನಾವು ಹೇಳುವುದು, ಇದು ಮನೋವೈದ್ಯರ ಕೋಣೆಯಲ್ಲಿ ಶುರುವಾಗಬಾರದು, ಮಗುವಿನ ಮಂಚದ ಹತ್ತಿರ ಶುರುವಾಗಬೇಕು ಎಂದು. ಎಲ್ಲ ತಂದೆತಾಯಿಗೂ, ಕೇಳಿದವರಿಗೂ ಕೇಳದವರಿಗೂ, ಬಿ.ಪಿ. ನೋಡಿದಷ್ಟು ಸಹಜವಾಗಿ. ಎಲ್ಲರನ್ನೂ ಕೇಳಿದರೆ ಯಾರಿಗೂ ಹೆಸರು ಬರುವುದಿಲ್ಲ.

‘ಕೌನ್ಸೆಲಿಂಗ್’ ಎಂಬ ಪದದ ಅವಸ್ಥೆಯನ್ನೂ ನೋಡಿ. ನಮ್ಮ ಜಿಲ್ಲೆಯಲ್ಲಿ ಆ ಪದ ಕಿವಿಗೆ ಬಿದ್ದರೆ ಮಾಸ್ತರರ ವರ್ಗಾವಣೆ ನೆನಪಾಗುತ್ತದೆ, ಇಲ್ಲವೇ ಸಿಇಟಿ ಸೀಟು. ‘ಆಪ್ತ ಸಮಾಲೋಚನೆ’ ಎಂಬ ಚಂದದ ಕನ್ನಡ ಪದ ತಾಲೂಕು ದವಾಖಾನೆಗಳ ಒಂದು ಬಾಗಿಲ ಮೇಲೆ ಇದೆ, ಆದರೆ ಅದು ಎಚ್‌ಐವಿ ಪರೀಕ್ಷೆಯ ಐಸಿಟಿಸಿ ಕೋಣೆ, ಆ ಬೋರ್ಡ್ ನೋಡಿದರೆ ಜನ ಮುಖ ಮುಚ್ಚಿಕೊಂಡು ದಾಟುತ್ತಾರೆ. ಹಾಗಿದ್ದರೂ ಆ ಕೋಣೆ ಒಂದು ಸಂಗತಿಯನ್ನು ಸಾಬೀತು ಮಾಡಿದೆ. ಎಚ್‌ಐವಿ ಹಬ್ಬುತ್ತಿದ್ದಾಗ, ಪರೀಕ್ಷೆಗೆ ಮುಂಚೆ ಮತ್ತು ಆಮೇಲೆ ಒಬ್ಬರು ಕೂತು ಮಾತಾಡಲೇಬೇಕು ಎಂದು ಸರ್ಕಾರ ನಿರ್ಧರಿಸಿತು. ನಿರ್ಧರಿಸಿದ ಮೇಲೆ ತಾಲೂಕಿನವರೆಗೂ ಆಪ್ತ ಸಮಾಲೋಚಕರು ಬಂದರು. ಹಣ ಇಲ್ಲ, ಜನ ಸಿಗುವುದಿಲ್ಲ ಎಂಬ ಮೂರನೆಯ ಆಕ್ಷೇಪಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕೆ?

ಬೇಕೆಂದರೆ ಇನ್ನೊಂದಿದೆ. ಕೂಸು ಹುಟ್ಟಿದ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೆಯ ದಿನ ಹೋಗಬೇಕೆಂದು ನಿಯಮ ಇದೆ. ಹೋಗುತ್ತಾಳೆ. ತೂಕ ನೋಡುತ್ತಾಳೆ, ಜ್ವರ ನೋಡುತ್ತಾಳೆ, ಬಾಣಂತಿಯ ಮುಖವನ್ನೂ ನೋಡುತ್ತಾಳೆ. ಗರ್ಭಿಣಿಯ ಕೈಯಲ್ಲಿ ತಾಯಿ ಕಾರ್ಡ್ ಇರುತ್ತದೆ. ಅದೇ ಕೂಸು ಆರು ವರ್ಷಕ್ಕೆ ಟ್ರ್ಯಾಕ್ಟರಿಗೆ ಸಿಕ್ಕು ಕಾಲು ಕಳೆದುಕೊಂಡು ಮನೆಗೆ ಬಂದರೆ ಆ ಬಾಗಿಲಿಗೆ ಯಾರೂ ತಾರೀಖು ಹಚ್ಚಿಕೊಂಡು ಬರುವುದಿಲ್ಲ. ದಾರಿ ಗೊತ್ತಿದೆ, ಮನೆ ಗೊತ್ತಿದೆ, ಹೋಗುವವಳೂ ಇದ್ದಾಳೆ. ಆದೇಶ ಇಲ್ಲ. ಆಶಾ ಮೇಲೆ ಇನ್ನೊಂದು ಪುಕ್ಕಟೆ ಕೆಲಸ ಹೇರಿ ಎಂದು ನಾವು ಹೇಳುತ್ತಿಲ್ಲ. ಅವರ ಗೌರವಧನದ ಹೋರಾಟ ನ್ಯಾಯವಾದದ್ದು. ಭೇಟಿಗೆ ಇಂತಿಷ್ಟು ಎಂದು ಕೊಟ್ಟೇ ಕಳಿಸಲಿ, ನವಜಾತ ಶಿಶುವಿಗೆ ಕೊಟ್ಟಂತೆ.

ಆಶಾಗಿಂತಲೂ ಹತ್ತಿರದವರು ಇನ್ನೊಬ್ಬರಿದ್ದಾರೆ, ಅವರನ್ನು ಎಲ್ಲರೂ ಮರೆತಿದ್ದಾರೆ. ಗ್ರಾಮ ಪಂಚಾಯತಿಗಳಲ್ಲಿ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಪಟ್ಟಣಗಳಲ್ಲಿ ಯುಆರ್‌ಡಬ್ಲ್ಯೂ, ತಾಲೂಕಿಗೆ ಎಂಆರ್‌ಡಬ್ಲ್ಯೂ. ಇವರು ಸ್ವತಃ ಅಂಗವಿಕಲರು. ಪೋಲಿಯೋದಿಂದ ಕಾಲು ಸೋತರೂ ಓದಿ, ಮೂರು ಗಾಲಿಯ ಗಾಡಿಯಲ್ಲಿ ಊರು ತಿರುಗಿ, ಪಿಂಚಣಿಯ ಅರ್ಜಿ, ಯುಡಿಐಡಿ ಕಾರ್ಡು ಮಾಡಿಸಿಕೊಡುವವರು. ‘ನನ್ನ ಮಗನ ಬಾಳ ಮುಗೀತು’ ಎಂದು ಗೋಳಾಡುವ ಅವ್ವನ ಮುಂದೆ ಹೋಗಿ ಕೂರಲು ಇವರಿಗಿಂತ ಅರ್ಹರು ಯಾರು? ಯಾವ ಮನಶ್ಶಾಸ್ತ್ರಜ್ಞರೂ ಹೇಳಲಾಗದ್ದನ್ನು ಇವರು ಬಾಯಿ ಬಿಡದೆ, ಬಂದು ಕೂತೇ ಹೇಳುತ್ತಾರೆ. ಇವರನ್ನು ನಾವು ಏನು ಮಾಡಿದ್ದೇವೆ? ಪಂಚಾಯತಿಯ ಮೂಲೆಯಲ್ಲಿ ಕೂರಿಸಿ ಬೇರೆಯವರ ಕಡತ ಬರೆಸುತ್ತಿದ್ದೇವೆ. ಒಂದು ವಾರ ಮಾನಸಿಕ ಪ್ರಥಮ ಚಿಕಿತ್ಸೆಯ ತರಬೇತಿ ಕೊಟ್ಟರೆ ಸಾಕು, ಜಿಲ್ಲೆಯಲ್ಲಿ ಊರೂರಿಗೆ ಒಬ್ಬರು ಸಿದ್ಧರಾಗುತ್ತಾರೆ. ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು ಆಪ್ತ ಸಲಹೆಗಾರರನ್ನಾಗಿ ಮಾಡಬಹುದು ಎಂಬುದನ್ನು ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಬೆಂಗಳೂರಿನ ‘ಸಮಾಧಾನ’ ಕೇಂದ್ರದಲ್ಲಿ ಮಾಡಿ ತೋರಿಸಿದ್ದಾರೆ, ಕನ್ನಡದಲ್ಲಿ ಸಾಲು ಸಾಲು ಪುಸ್ತಕಗಳನ್ನೂ ಬರೆದಿದ್ದಾರೆ. ತರಬೇತಿಗೆ ಇಂಗ್ಲಿಷ್ ಕೈಪಿಡಿ ಹುಡುಕಬೇಕಾಗಿಲ್ಲ.

ಇದಕ್ಕೆ ಬೇಕಾದ ಆದೇಶ ಒಂದು ಪುಟದ್ದು. ತಾಲೂಕು ದವಾಖಾನೆಗೆ ದೊಡ್ಡ ಗಾಯದಿಂದ ಬಂದ ಪ್ರತಿ ಮಗುವಿನ ಕೇಸ್ ಶೀಟಿನಲ್ಲಿ ‘ಮನೆಯವರೊಂದಿಗೆ ಮಾತಾಡಿದವರು’ ಎಂಬ ಒಂದು ಸಾಲು, ಅದರ ಮುಂದೆ ಒಬ್ಬರ ಹೆಸರು, ಸಹಿ. ಆ ಮಾತು ಹತ್ತೇ ನಿಮಿಷದ್ದಾಗಲಿ: ಇದು ನಿನ್ನ ತಪ್ಪಲ್ಲ, ನಿದ್ದೆ ಬಾರದಿರುವುದು ಸಹಜ, ಇಂತಿಂಥದ್ದು ಒಂದು ತಿಂಗಳು ಮೀರಿದರೆ ಬಾ, ಮಗುವಿಗೆ ಸುಳ್ಳು ಹೇಳಬೇಡ, ಮನೆಯಲ್ಲಿರುವ ಇನ್ನೊಂದು ಮಗುವನ್ನು ಕರೆಸಿ ತೋರಿಸು. ಡಿಸ್ಚಾರ್ಜ್ ಆದ ದಿನವೇ ಆ ಊರಿನ ಆಶಾ ಮತ್ತು ವಿಆರ್‌ಡಬ್ಲ್ಯೂಗೆ ಫೋನು. ಒಂದು ವಾರಕ್ಕೆ, ಒಂದು ತಿಂಗಳಿಗೆ, ಮೂರು ತಿಂಗಳಿಗೆ ಮನೆ ಭೇಟಿ. ಮೂರನೆಯ ಭೇಟಿಗೂ ಅವ್ವ ನಿದ್ದೆ ಮಾಡುತ್ತಿಲ್ಲ, ಅಪ್ಪ ಮಾತು ಬಿಟ್ಟಿದ್ದಾನೆ ಎಂದರೆ ಮಂಗಳವಾರದ ಮನೋವೈದ್ಯರ ಹತ್ತಿರ ಕೈ ಹಿಡಿದು ಕರೆದುಕೊಂಡು ಹೋಗುವುದು. ಹೊರ ರಾಜ್ಯದ ದವಾಖಾನೆಯಿಂದ ಬಂದವರಿಗೂ ಇದೇ ಲೆಕ್ಕ, ಮಗು ಊರಿಗೆ ಬಂದ ದಿನದಿಂದ.

ಶಾಲೆಯನ್ನು ಮರೆತರೆ ಇಷ್ಟೂ ವ್ಯರ್ಥ. ಸುಟ್ಟ ಮುಖ ಹೊತ್ತು ವರ್ಗಕ್ಕೆ ಬರುವ ಹುಡುಗಿಯನ್ನು ಮೊದಲ ದಿನ ಉಳಿದ ಮಕ್ಕಳು ಹೇಗೆ ನೋಡುತ್ತಾರೆ ಎಂಬುದರ ಮೇಲೆ ಅವಳು ಎರಡನೆಯ ದಿನ ಬರುವಳೇ ಎಂಬುದು ನಿಂತಿದೆ. ವಿಶೇಷ ಅಗತ್ಯದ ಮಕ್ಕಳಿಗೆಂದು ಬ್ಲಾಕಿನಲ್ಲಿ ಬಿಐಇಆರ್‌ಟಿ ಶಿಕ್ಷಕರಿದ್ದಾರೆ, ಶಾಲೆಗೆ ಬರಲಾಗದ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ವ್ಯವಸ್ಥೆಯೂ ಇದೆ. ಅವರು ಮೊದಲು ಒಮ್ಮೆ ವರ್ಗಕ್ಕೆ ಹೋಗಿ ಮಕ್ಕಳೊಡನೆ ಮಾತಾಡಲಿ. ಹುಡುಗಿ ಆಮೇಲೆ ಬರಲಿ. ಶಾಲೆಯ ಅಂಗಳದಲ್ಲೇ ಪೆಟ್ಟಾದರೆ ಮಾಸ್ತರರನ್ನು ಅಮಾನತು ಮಾಡಿ ಕೈ ತೊಳೆದುಕೊಳ್ಳುವ ಇಲಾಖೆಗೆ ಇದನ್ನು ಎರಡು ಸಲ ಹೇಳಬೇಕಾಗುತ್ತದೆ. 2023ರ ನವೆಂಬರ್‌ನಲ್ಲಿ ಅಫಜಲಪುರ ತಾಲೂಕಿನ ಶಾಲೆಯೊಂದರಲ್ಲಿ ಬಿಸಿಯೂಟದ ಸಾರಿನ ಪಾತ್ರೆಗೆ ಬಿದ್ದು ಎರಡನೆಯ ವರ್ಗದ ಬಾಲಕಿ ತೀರಿಕೊಂಡಳು. ಅಂಥದ್ದನ್ನು ಕಂಡ ಒಂದು ವರ್ಗದ ಮಕ್ಕಳು ಮರುದಿನ ಅದೇ ಅಡುಗೆ ಕೋಣೆಯ ಮುಂದೆ ತಟ್ಟೆ ಹಿಡಿದು ಸಾಲು ನಿಲ್ಲಬೇಕಾಗುತ್ತದೆ. ಅವರ ಬಗ್ಗೆ ಯಾವ ಸುತ್ತೋಲೆ ಬರುತ್ತದೆ?

ಆದೇಶ ಬರುವವರೆಗೆ ಕಾಯಬೇಕಾಗಿಲ್ಲದ್ದೂ ಕೆಲವಿದೆ. 14416 ಎಂಬ ಟೆಲಿಮನಸ್ ಸಂಖ್ಯೆ 2022ರ ಅಕ್ಟೋಬರ್ 10ರಿಂದ ಇದೆ. ಪುಕ್ಕಟೆ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡುತ್ತಾರೆ. ಅದನ್ನು ಮಕ್ಕಳ ವಾರ್ಡಿನ ಗೋಡೆಗೆ, ಎಲುಬಿನ ಡಾಕ್ಟರ ಬಾಗಿಲಿಗೆ, 108 ಗಾಡಿಯ ಒಳಗೆ ದೊಡ್ಡ ಅಕ್ಷರದಲ್ಲಿ ಬರೆಸಲು ಎಷ್ಟು ಬಣ್ಣ ಬೇಕು? ಅದರ ಕೆಳಗೆ ‘ಮಗುವಿಗೆ ಪೆಟ್ಟಾದ ತಂದೆತಾಯಿಯೂ ಕರೆ ಮಾಡಬಹುದು’ ಎಂಬ ಒಂದು ಸಾಲು ಬೇಕೇ ಬೇಕು. ಅದಿಲ್ಲದಿದ್ದರೆ ‘ಅದು ಹುಚ್ಚಿನ ನಂಬರ್’ ಎಂದು ಯಾರೂ ಒತ್ತುವುದಿಲ್ಲ.

ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕುಗಳ ಮುಂದಿನ ಕೆಡಿಪಿ ಸಭೆಗೆ ನಾವು ಮೂರು ಪ್ರಶ್ನೆ ಬರೆದು ಕೊಡುತ್ತಿದ್ದೇವೆ. ಕಳೆದ ಒಂದು ವರ್ಷದಲ್ಲಿ ದೊಡ್ಡ ಗಾಯದಿಂದ ತಾಲೂಕು ದವಾಖಾನೆಗೆ ಬಂದ ಮಕ್ಕಳು ಎಷ್ಟು, ಅವರಲ್ಲಿ ಎಷ್ಟು ಮಕ್ಕಳ ಮನೆಯವರನ್ನು ಮನೋವೈದ್ಯರ ಅಥವಾ ಆಪ್ತ ಸಮಾಲೋಚಕರ ಹತ್ತಿರ ಕಳಿಸಲಾಯಿತು, ಎಷ್ಟು ಮನೆಗಳಿಗೆ ಯಾರಾದರೂ ಹೋಗಿ ಬಂದರು. ಉತ್ತರ ಬರದಿದ್ದರೆ ಅದೇ ಪ್ರಶ್ನೆ ಮಾಹಿತಿ ಹಕ್ಕಿನ ಅರ್ಜಿಯಾಗುತ್ತದೆ. ನಿಮ್ಮ ತಾಲೂಕಿನಲ್ಲೂ ಕೇಳುವವರಿದ್ದರೆ ಬರೆಯಿರಿ, ಅರ್ಜಿಯ ನಮೂನೆ ಕಳಿಸಿಕೊಡುತ್ತೇವೆ. ಗ್ರಾಮ ಸಭೆ ಇದ್ದ ದಿನ ನಿಮ್ಮ ವಿಆರ್‌ಡಬ್ಲ್ಯೂ ಯಾರು, ಅವರಿಗೆ ಈಗ ಯಾವ ಕೆಲಸ ಹಚ್ಚಿದ್ದಾರೆ ಎಂದೂ ಕೇಳಿಕೊಂಡು ಬನ್ನಿ.